ನಾಲ್ಕು ಭಾನುವಾರ, ಒಂದು ಮೊಟ್ಟೆ ಆಕಾರದ ಮೇಜು: ಮಾಟುಂಗಾದ ಕಾಫಿ ಹೌಸ್ ಕ್ಲಾಸ್ ಹೇಗಿತ್ತು

ಮೊದ್ಲು ಲೆಕ್ಕ ಹೇಳಿ ಬಿಡ್ತೇನೆ. ನಾಲ್ಕು ಭಾನುವಾರಕ್ಕೆ 1,600 ರೂಪಾಯಿ, ಸಂಜೆ 4ರಿಂದ 6.30, ಮುಂಬೈಯ ಮಾಟುಂಗಾ ಕಿಂಗ್ಸ್ ಸರ್ಕಲ್ ಹತ್ರ ಒಂದು ಉಡುಪಿ ಹೋಟೆಲಿನ ಮಹಡಿ ಹಾಲ್, ಕಾಫಿ ಮತ್ತೆ ಒಂದು ತಿಂಡಿ ಅದ್ರಲ್ಲೇ ಸೇರಿದ್ದು, ಪಾಠ ಪೂರ್ತಿ ಕನ್ನಡದಲ್ಲಿ. ವಿಷಯ ಎಂತದ್ದು ಅಂದ್ರೆ 17ನೇ ಶತಮಾನದಲ್ಲಿ ಇಂಗ್ಲೆಂಡಿನ ಟ್ಯಾವರ್ನ್, ಕಾಫಿ ಹೌಸುಗಳಲ್ಲಿ ಕೂತು ರಾಜ ಬೇಕಾ ಬೇಡ್ವಾ, ಓಟು ಯಾರಿಗೆ ಇರ್ಬೇಕು ಅಂತ ಚರ್ಚೆ ಮಾಡಿದ ಕೂಟಗಳು. ತಂಗಿ ಮಗಳು ಫೋನ್ ಮಾಡಿ "ಮಾವ, ಹೋಟೆಲ್ ವಿಷ್ಯ ಅಂತೆ, ನೀವು ಹೋಗ್ಲೇಬೇಕು" ಅಂದ್ಲು, ಅವಳೇ ಆನ್‌ಲೈನಲ್ಲಿ ದುಡ್ಡು ಕಟ್ಟಿದ್ಲು.

ಹೋಟೆಲ್ ವಿಷ್ಯ ಅಂತ ಅವಳು ಹೇಳಿದ್ದು ಸುಮ್ಮನೆ ಅಲ್ಲ. 1974ರಲ್ಲಿ 12ನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಒಂದು ಹೋಟೆಲಲ್ಲಿ ಕ್ಲೀನರ್ ಮಾಣಿ ಆಗಿ ಸೇರಿದವ ನಾನು, ಹಗಲೆಲ್ಲ ಪಾತ್ರೆ, ರಾತ್ರಿ ಕನ್ನಡ ರಾತ್ರಿ ಶಾಲೆ, ಆಮೇಲೆ ಸಪ್ಲಾಯರ್, ಕೊನೆಗೆ ಗಲ್ಲೆ. ಆ ಹೋಟೆಲಿನ ಗೋಡೆಯಲ್ಲಿ ದೇವರ ಫೋಟೋದ ಕೆಳಗೇ ಒಂದು ಬೋರ್ಡ್ ಇತ್ತು, "ಇಲ್ಲಿ ರಾಜಕೀಯ ಮಾತಾಡಬಾರದು" ಅಂತ, ಕನ್ನಡ ಮರಾಠಿ ಇಂಗ್ಲಿಷ್ ಮೂರರಲ್ಲೂ. ನಾನು ಬಂದ ವರ್ಷವೇ ಜಾರ್ಜ್ ಫರ್ನಾಂಡಿಸ್ ದೇಶ ಪೂರ್ತಿ ರೈಲು ನಿಲ್ಲಿಸಿದ್ದು, ಆ ಬೋರ್ಡಿನ ಅಡಿಯಲ್ಲೇ ಕೂತು ಡಾಕಿನವರು ಬ್ಯಾಂಕಿನವರು ಅದನ್ನೇ ಮಾತಾಡ್ತಿದ್ರು, ನಾನು ಟೇಬಲ್ ಒರೆಸುವ ನೆವದಲ್ಲಿ ನಿಧಾನ ಒರೆಸ್ತಾ ಕೇಳ್ತಿದ್ದೆ. ನನ್ನ ರಾಜಕೀಯ ಪಾಠ ಶುರು ಆದದ್ದು ಅಲ್ಲಿ, ಹಾಗಾಗಿ ಈ ಕ್ಲಾಸಿಗೆ ನಾನು ಹೋದದ್ದು ಟೈಮ್ ಪಾಸಿಗೆ ಅಲ್ಲ.

ಪಾಠ ಮಾಡಿದ್ದು ಧಾರವಾಡ ಕಡೆಯ ಒಬ್ರು ಮೇಡಂ, ಇಲ್ಲಿನ ಕಾಲೇಜಲ್ಲಿ ಹಿಸ್ಟರಿ ಹೇಳಿ ರಿಟೈರ್ ಆದವ್ರು. "ನೋಡ್ರೀ, ಹೆಸರು ಬಾಯಿಪಾಠ ಮಾಡಬ್ಯಾಡ್ರಿ, ಅಂಗಡಿ ಒಳಗ ಹೋಗಿ ಕುಂಡ್ರಿ" ಅಂತಲೇ ಶುರು ಮಾಡಿದ್ರು. ಪಾಠ ಹೇಳುವ ಕಲೆ ಅವ್ರಿಗೆ ಉಂಟು, ಅದ್ರಲ್ಲಿ ಎರಡು ಮಾತಿಲ್ಲ.

ಮೊದಲ ವಾರ ಲೆವೆಲರ್ಸ್, ಅಂದ್ರೆ ಸಾಮಾನ್ಯ ಜನರಿಗೂ ಓಟು ಬೇಕು ಅಂತ ಹೊರಟ ಗುಂಪು. 1640ರ ದಶಕ, ರಾಜ ಒಂದನೇ ಚಾರ್ಲ್ಸ್ ಮತ್ತೆ ಪಾರ್ಲಿಮೆಂಟಿನ ನಡುವೆ ಯುದ್ಧ ಆಗಿ ಊರೆಲ್ಲ ಸುಸ್ತಾದ ಸಮಯ. ಟ್ಯಾವರ್ನ್ ಅಂದ್ರೆ ವೈನ್ ಮಾರುವ ಜಾಗ, ಬಡವರು ಬಿಯರ್ ಕುಡಿಯುವ ಏಲ್ ಹೌಸ್ ಬೇರೆ. ಆಗ ಮನೆಗಳಿಗೆ ನಂಬರ್ ಇರ್ಲಿಲ್ಲ, ಓದು ಬಾರದವರೂ ಬಹಳ ಇದ್ರು, ಹಾಗಾಗಿ ಬಾಗಿಲ ಮೇಲೆ ಚಿತ್ರದ ಬೋರ್ಡ್. ಲಾತ್‌ಬರಿ ಬೀದಿಯಲ್ಲಿ ವೇಲ್‌ಬೋನ್, ಅಂದ್ರೆ ತಿಮಿಂಗಿಲದ ಎಲುಬು, ಇನ್ನೊಂದು ನ್ಯಾಗ್ಸ್ ಹೆಡ್, ಕುದುರೆ ತಲೆ, ಮತ್ತೊಂದು ವಿಂಡ್‌ಮಿಲ್. ಜಾನ್ ಲಿಲ್ಬರ್ನ್, ರಿಚರ್ಡ್ ಓವರ್ಟನ್, ವಿಲಿಯಂ ವಾಲ್ವಿನ್ ಇವರೆಲ್ಲ ಇಂಥ ಕಡೆ ಕೂತು ಅರ್ಜಿ ಬರೆದ್ರು, ಚಂದಾ ಎತ್ತಿದ್ರು, ಏರಿಯಾ ಏರಿಯಾಕ್ಕೆ ಜನ ಕಳಿಸಿ ಸಹಿ ಹಾಕಿಸಿದ್ರು. 1648ರ ಸೆಪ್ಟೆಂಬರ್ ಅರ್ಜಿಗೆ 40,000 ಸಹಿ ಅಂತ ಅವ್ರೇ ಹೇಳಿಕೊಂಡದ್ದು. ಟೋಪಿಗೆ ಸಮುದ್ರ ಹಸಿರಿನ ರಿಬ್ಬನ್ ಕಟ್ತಿದ್ರು, ಅದು ಅವ್ರ ಗುರುತು. 'ಲೆವೆಲರ್' ಅನ್ನೋದು ವಿರೋಧಿಗಳು ಇಟ್ಟ ಹೆಸರು, ಎಲ್ಲರನ್ನೂ ನೆಲಕ್ಕೆ ಸಮ ಮಾಡಲಿಕ್ಕೆ ಹೊರಟವರು ಅಂತ ಬೈಗುಳ.

ಯೂನಿಯನ್ ಕೆಲಸ ನೋಡಿದವನಿಗೆ ಇದು ಹೊಸ ಕಥೆ ಅಲ್ಲ ಮಾರಾಯ್ರೆ, ಚಂದಾ ಬುಕ್, ಸಹಿ, ಬ್ಯಾಡ್ಜ್, ಮೇಲಿನ ರೂಮಲ್ಲಿ ಮೀಟಿಂಗ್, ಎಲ್ಲ ಅದೇ. ಆದ್ರೆ ಅದು 1648ರಲ್ಲೇ ಇತ್ತು ಅನ್ನೋದು ನಂಗೆ ಗೊತ್ತಿರ್ಲಿಲ್ಲ.

ಅದೇ ವಾರ ಮೇಡಂ ಹೇಳಿದ ಒಂದು ಸಂಗತಿ ಎದೆಗೆ ನಾಟಿತು. 1649ರಲ್ಲಿ ಲಿಲ್ಬರ್ನ್ ಮತ್ತೆ ಗೆಳೆಯರನ್ನ ಜೈಲಿಗೆ ಹಾಕಿದಾಗ ಹೆಂಗಸರು ಗುಂಪು ಕಟ್ಟಿಕೊಂಡು ಪಾರ್ಲಿಮೆಂಟಿಗೆ ಅರ್ಜಿ ತಂದ್ರು, ಒಳಗಿನವರು ಕೊಟ್ಟ ಉತ್ತರ ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಅಂತ. ಹಾಲಿನಲ್ಲಿ ಕೆಲವರು ನಕ್ಕರು. ನಂಗೆ ನಗು ಬರ್ಲಿಲ್ಲ. ಆರು ವರ್ಷ ಪಾತ್ರೆ ತೊಳೆದವನಿಗೆ ಆ ಮಾತು ಎಲ್ಲಿಂದ ಬರ್ತದೆ ಅಂತ ಚೆನ್ನಾಗಿ ಗೊತ್ತುಂಟು, ಪಾತ್ರೆ ತೊಳೆಯುವವನಿಗೆ ಇದೆಲ್ಲ ಯಾಕೆ ಅಂತ ಕೇಳುವವರು ಎಲ್ಲ ಕಾಲಕ್ಕೂ ಇರ್ತಾರೆ. ಆ ಹೆಂಗಸರ ಬಗ್ಗೆ ಇನ್ನೂ ಅರ್ಧ ಗಂಟೆ ಕೊಡ್ಬೇಕಿತ್ತು, ಐದೇ ನಿಮಿಷಕ್ಕೆ ಮುಗಿಸಿದ್ರು. ಅದು ನನ್ನ ಮೊದಲ ಕಂಪ್ಲೇಂಟ್.

ಎರಡನೇ ವಾರ ರೋಟಾ ಕ್ಲಬ್. ಇದಕ್ಕಾಗಿಯೇ 1,600 ಕೊಡಬಹುದು.

ರಾಜನ ತಲೆ 1649ರಲ್ಲಿ ಹೋಗಿ, ಆಮೇಲೆ ದೇಶ ಆಳಿದ ಕ್ರಾಮ್‌ವೆಲ್ 1658ರಲ್ಲಿ ಸತ್ತು, ಮುಂದೆ ದೇಶ ಹೇಗೆ ನಡೆಸೋದು ಅಂತ ಯಾರಿಗೂ ತೋಚದ ಹೊತ್ತು. 1659ರ ಚಳಿಗಾಲದಲ್ಲಿ ವೆಸ್ಟ್‌ಮಿನ್‌ಸ್ಟರಿನ ನ್ಯೂ ಪ್ಯಾಲೆಸ್ ಯಾರ್ಡಿನಲ್ಲಿ, ಪಾರ್ಲಿಮೆಂಟಿನ ಬಾಗಿಲಲ್ಲೇ ಅನ್ನಿ, ಮೈಲ್ಸ್ ಅನ್ನುವವನ ಕಾಫಿ ಹೌಸಲ್ಲಿ ಜೇಮ್ಸ್ ಹ್ಯಾರಿಂಗ್ಟನ್ ದಿನಾ ರಾತ್ರಿ ಕೂಟ ನಡೆಸ್ತಿದ್ದ. ಅವ 1656ರಲ್ಲಿ 'ಓಷಿಯಾನಾ' ಅಂತ ಪುಸ್ತಕ ಬರೆದವ, ಭೂಮಿ ಯಾರ ಕೈಯಲ್ಲೋ ಅಧಿಕಾರವೂ ಅವರ ಕೈಯಲ್ಲೇ ಅನ್ನೋದು ಅವನ ಮುಖ್ಯ ಮಾತು, ಹಾಗಾಗಿ ಒಬ್ಬನ ಹತ್ರ ಇಷ್ಟಕ್ಕಿಂತ ಜಾಸ್ತಿ ಜಮೀನು ಇರಬಾರದು ಅಂದ. ಮತ್ತೆ ಅಧಿಕಾರದಲ್ಲಿ ಇರುವವರಲ್ಲಿ ಮೂರನೇ ಒಂದು ಪಾಲು ಪ್ರತಿ ವರ್ಷ ಕೆಳಗೆ ಇಳಿದು ಹೊಸಬರು ಬರಬೇಕು. ಸುತ್ತು ಅನ್ನುವ ಅರ್ಥದಲ್ಲೇ ಕ್ಲಬ್ಬಿಗೆ ರೋಟಾ ಅಂತ ಹೆಸರು. ಒಂದು ಕಡೆ ಅವ ಇಬ್ರು ಹುಡುಗಿಯರು ಕೇಕ್ ಹಂಚುವ ಉದಾಹರಣೆ ಕೊಡ್ತಾನೆ, ಒಬ್ಳು ಕತ್ತರಿಸ್ಲಿ, ಇನ್ನೊಬ್ಳು ಆರಿಸ್ಲಿ, ಆಗ ಕತ್ತರಿಸುವವಳು ಸಮ ಕತ್ತರಿಸ್ತಾಳೆ. ನಾವು ಮಾಣಿಗಳು ರಾತ್ರಿ ಉಳಿದ ಬನ್ಸ್ ಹಂಚಿಕೊಳ್ತಿದ್ದದ್ದೂ ಹೀಗೆಯೇ, ದೊಡ್ಡವ ಮುರಿಯೋದು, ಸಣ್ಣವ ಮೊದ್ಲು ತೆಗೆಯೋದು.

ಜಾನ್ ಆಬ್ರಿ ಅನ್ನುವವ ಆ ಕೂಟಕ್ಕೆ ಹೋಗ್ತಿದ್ದವ, ಅವ ಬರೆದಿಟ್ಟದ್ದರಿಂದ ನಮಗೆ ಆ ರೂಮು ಹೇಗಿತ್ತು ಅಂತ ಗೊತ್ತು. ಮೊಟ್ಟೆ ಆಕಾರದ ದೊಡ್ಡ ಮೇಜು, ಅದ್ರ ನಡುವೆ ಒಂದು ದಾರಿ ಬಿಟ್ಟಿದ್ರು, ಯಾಕೆ ಅಂದ್ರೆ ಮೈಲ್ಸ್ ಒಳಗೆ ಬಂದು ಎಲ್ಲರಿಗೂ ಕಾಫಿ ಕೊಡ್ಲಿಕ್ಕೆ. ಈ ಒಂದು ಸಾಲು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಸಪ್ಲಾಯರ್ ಆದವನಿಗೆ ಮಾತ್ರ ಗೊತ್ತು ಅದ್ರ ಬೆಲೆ. ಜನ ತುಂಬಿದ ಟೇಬಲಲ್ಲಿ ಭುಜಗಳ ನಡುವೆ ಕೈ ತೂರಿಸಿ ಬಿಸಿ ಕಾಫಿ ಇಡೋದು ಅಂದ್ರೆ ಎಂತ ಅಂತ ಕೂತವರಿಗೆ ಗೊತ್ತಾಗೋದಿಲ್ಲ, ಅಲ್ಲಿ ಯಾರೋ ಒಬ್ರು ಅದನ್ನ ಯೋಚನೆ ಮಾಡಿ ಮೇಜನ್ನೇ ಹಾಗೆ ಮಾಡಿಸಿದ್ದಾರೆ. ಪ್ರತಿ ಸಂಜೆ ಆ ರೂಮಿನಲ್ಲಿ ಕಾಲಿಡಲಿಕ್ಕೆ ಜಾಗ ಇರ್ತಿರ್ಲಿಲ್ಲವಂತೆ, ಅಲ್ಲಿನ ವಾದ ಕೇಳಿದ ಮೇಲೆ ಪಾರ್ಲಿಮೆಂಟಿನ ಮಾತು ಸಪ್ಪೆ ಅನ್ನಿಸ್ತಿತ್ತು ಅಂತ ಆಬ್ರಿಯೇ ಬರೀತಾನೆ. ಡೈರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಆಗ 26 ವರ್ಷದ ಗುಮಾಸ್ತ, 1660ರ ಜನವರಿಯಲ್ಲಿ 18 ಪೆನ್ಸ್ ಕೊಟ್ಟು ಮೆಂಬರ್ ಆದ. ಮಾಮೂಲಿ ಕಾಫಿ ಹೌಸಿಗೆ ಒಂದು ಪೆನ್ನಿ ಸಾಕಿತ್ತು.

ಚರ್ಚೆ ಮುಗಿದ ಮೇಲೆ ಓಟು, ಅದೂ ಪೆಟ್ಟಿಗೆಯಲ್ಲಿ. ಮೇಡಂ ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿದ್ರು. ಬಡಗಿಯ ಹತ್ರ ಎರಡು ಖಾನೆಯ ಮರದ ಪೆಟ್ಟಿಗೆ ಮಾಡಿಸಿ ತಂದಿದ್ರು, ಒಳಗೆ ಕೈ ಹಾಕಿದ್ರೆ ಯಾವ ಖಾನೆಗೆ ಹಾಕಿದ್ರಿ ಅಂತ ಹೊರಗೆ ಕಾಣೋದಿಲ್ಲ. ನಮಗೆಲ್ಲ ಒಂದೊಂದು ಹುಣಸೆಬೀಜ. ಪ್ರಶ್ನೆ ಎಂತ ಕೊಟ್ರು ಅಂದ್ರೆ, ಮುಂಬೈಯ ನಮ್ಮ ಸಂಘ ಸಂಸ್ಥೆಗಳ ಕಮಿಟಿಯಲ್ಲಿ ಪ್ರತಿ ವರ್ಷ ಮೂರನೇ ಒಂದು ಭಾಗ ಜನ ಕಡ್ಡಾಯ ಇಳೀಬೇಕಾ? ಮೊದ್ಲು ಕೈ ಎತ್ತಿಸಿದ್ರು. ನಾವು 26 ಜನ, ಇಳೀಬೇಕು ಅಂತ ಕೈ ಎತ್ತಿದ್ದು 7. ಆಮೇಲೆ ಅದೇ ಪ್ರಶ್ನೆ, ಪೆಟ್ಟಿಗೆ. ಎಣಿಸಿದ್ರೆ ಇಳೀಬೇಕು ಅನ್ನುವ ಬೀಜ 17! ಹತ್ತು ನಿಮಿಷದಲ್ಲಿ ಯಾರ ಮನಸ್ಸೂ ಬದಲಾಗಿರ್ಲಿಲ್ಲ, ಮುಂದಿನ ಸಾಲಲ್ಲಿ ಬಹಳ ವರ್ಷದಿಂದ ಪದಾಧಿಕಾರಿ ಆಗಿರುವ ಒಬ್ರು ಹಿರಿಯರು ಕೂತಿದ್ರು, ಅರ್ಧ ಹಾಲಿಗೆ ಅವ್ರ ಪರಿಚಯ, ಅಷ್ಟೇ. ಆ ಹಿರಿಯರು ಬೇಜಾರು ಮಾಡ್ಲಿಲ್ಲ, ಮೂರನೇ ವಾರವೂ ಬಂದ್ರು, ಅದು ಅವ್ರ ದೊಡ್ಡತನ.

ಇಲ್ಲಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯಲಿಕ್ಕೆ ಶುರು ಆಯ್ತು, ಕೊನೆಗೆ ಎದ್ದು ಕೇಳಿದೆ. ಮೇಡಂ, ಆ ಮೈಲ್ಸಿನ ಅಂಗಡಿಯಲ್ಲಿ ಬಟ್ಟಲು ತೊಳೆಯುವ ಹುಡುಗ ಇದ್ರೆ, ಹ್ಯಾರಿಂಗ್ಟನ್ ಲೆಕ್ಕದಲ್ಲಿ ಅವನಿಗೆ ಓಟು ಉಂಟಾ? ಅವ್ರು ಆ ದಿನ ಉತ್ತರ ಹಾರಿಸ್ಲಿಲ್ಲ, ಓದಿಕೊಂಡು ಬರ್ತೇನೆ ಅಂದ್ರು, ಮುಂದಿನ ವಾರ ನನಗಂತ್ಲೇ ಎರಡು ಪುಟ ಬರೆದು ಜೆರಾಕ್ಸ್ ತಂದಿದ್ರು. ಉತ್ತರ: ಇಲ್ಲ. ಓಷಿಯಾನಾದಲ್ಲಿ ಕೆಲಸದಾಳುಗಳಿಗೆ ಪೌರರ ಸ್ಥಾನ ಇಲ್ಲ, ಸ್ವಂತ ಕಾಲ ಮೇಲೆ ಬದುಕುವವ ಮಾತ್ರ ಪೌರ. ಅದಕ್ಕಿಂತ ಹೊಟ್ಟೆ ಉರಿದದ್ದು ಲೆವೆಲರ್ಸ್ ವಿಷಯ. 1647ರ ಅಕ್ಟೋಬರಿನಲ್ಲಿ ಲಂಡನ್ ಹತ್ರದ ಪಟ್ನಿಯ ಚರ್ಚಿನಲ್ಲಿ ಪಾರ್ಲಿಮೆಂಟ್ ಕಡೆಯ ಸೈನಿಕರು ಮತ್ತೆ ಅಧಿಕಾರಿಗಳು ಓಟಿನ ಬಗ್ಗೆ ದಿನಗಟ್ಟಲೆ ವಾದ ಮಾಡಿದ್ರಲ್ಲ, ಇಂಗ್ಲೆಂಡಿನ ಅತಿ ಬಡವನಿಗೂ ಅತಿ ದೊಡ್ಡವನ ಹಾಗೆಯೇ ಬಾಳಲಿಕ್ಕೆ ಒಂದು ಬದುಕುಂಟು ಅಂತ ಕರ್ನಲ್ ರೇನ್ಸ್‌ಬರೋ ಹೇಳಿದ್ದು ಅಲ್ಲೇ, ಕೇಳಿದ್ರೆ ಮೈ ಜುಂ ಅಂತದೆ. ಆದ್ರೆ ಅದೇ ಚರ್ಚೆಯಲ್ಲಿ ಲೆವೆಲರ್ಸ್ ಕಡೆಯ ಮ್ಯಾಕ್ಸಿಮಿಲಿಯನ್ ಪೆಟಿ ಆಳುಗಳು, ಅಪ್ರೆಂಟಿಸ್‌ಗಳು, ಭಿಕ್ಷೆಯಲ್ಲಿ ಬದುಕುವವರನ್ನ ಬಿಡಬಹುದು ಅಂತ ಒಪ್ಪಿಕೊಂಡ. ಕಾರಣ ಅವ್ರು ಇನ್ನೊಬ್ಬರ ಇಚ್ಛೆಗೆ ಕಟ್ಟುಬಿದ್ದವರು, ಧಣಿಗೆ ಬೇಸರ ಮಾಡ್ಲಿಕ್ಕೆ ಹೆದರ್ತಾರೆ.

ಈ ಕಾರಣವನ್ನ ನಾನು ಸುಳ್ಳು ಅಂತ ಹೇಳೋದಿಲ್ಲ. 1984ರಲ್ಲಿ ನಾನು ಮೊದಲ ಸಲ ಓಟು ಹಾಕಿದ್ದು, ಆಗ 22, ಓಟಿನ ವಯಸ್ಸು ಆಗ 21 ಇತ್ತು. ಓಟರ್ ಲಿಸ್ಟಲ್ಲಿ ನನ್ನ ಅಡ್ರೆಸ್ ಹೋಟೆಲಿನದ್ದೇ, ಮಲಗೋದೂ ಅಲ್ಲಿ ಉಣ್ಣೋದೂ ಅಲ್ಲಿ. ಹಿಂದಿನ ರಾತ್ರಿ ಧಣಿ ನಮ್ಮನ್ನೆಲ್ಲ ಸಾಲು ನಿಲ್ಲಿಸಿ ಯಾವ ಗುರುತಿಗೆ ಒತ್ತಬೇಕು ಅಂತ ಹೇಳಿದ್ರು, ನಾವು ಒಂಬತ್ತು ಜನ ತಲೆ ಆಡಿಸಿದೆವು. ಬೆಳಿಗ್ಗೆ ಪರದೆ ಹಿಂದೆ ಹೋಗಿ ನಾನು ನನಗೆ ಬೇಕಾದವನಿಗೆ ಒತ್ತಿದೆ, ಮಡಿಸಿ ಪೆಟ್ಟಿಗೆಗೆ ಹಾಕಿ ಬಂದೆ, ಕೈ ನಡುಗ್ತಿತ್ತು, ಸಂಜೆ ಗಲ್ಲೆಯಲ್ಲಿ ಕೂತ ಧಣಿ ಮುಖ ನೋಡುವಾಗ್ಲೂ ನಡುಗ್ತಿತ್ತು, ಆದ್ರೆ ಅವರಿಗೆ ಗೊತ್ತಾಗ್ಲೇ ಇಲ್ಲ. ಅಂದ್ರೆ ಪೆಟಿ ಹೇಳಿದ ಸಮಸ್ಯೆಗೆ ಔಷಧ ಹ್ಯಾರಿಂಗ್ಟನ್ ಕೈಯಲ್ಲೇ ಇತ್ತು, ಆ ಮರದ ಪೆಟ್ಟಿಗೆ! ಆಳು ಹೆದರ್ತಾನಾ, ಹಾಗಾದ್ರೆ ಅವನ ಓಟು ಯಾರಿಗೂ ಕಾಣದ ಹಾಗೆ ಮಾಡಿ, ಅವನನ್ನೇ ಹೊರಗೆ ಹಾಕೋದು ಯಾಕೆ? ಎರಡನ್ನೂ ಜೋಡಿಸುವ ಯೋಚನೆ ಮೈಲ್ಸಿನ ಮೇಜಿನಲ್ಲಿ ಕೂತವರಿಗೆ ಬರ್ಲಿಲ್ಲ, ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆಗೆ ಗುಪ್ತ ಮತದಾನ ಬಂದದ್ದೇ 1872ರಲ್ಲಿ. ನಮ್ಮ ದೇಶ 1951-52ರ ಮೊದಲ ಚುನಾವಣೆಯಲ್ಲೇ ಎರಡನ್ನೂ ಒಟ್ಟಿಗೆ ಕೊಟ್ಟಿತು, ಹೋಟೆಲ್ ಮಾಣಿಗೂ. ಇದನ್ನ ಕ್ಲಾಸಲ್ಲಿ ಹೇಳಿದೆ, ಹೇಳುವಾಗ ಗಂಟಲು ಕಟ್ಟಿತು, ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ ಬೋರ್ಡಿನಲ್ಲಿ 1647, 1659, 1872, 1952 ಅಂತ ಬರೆದ್ರು.

ಮೂರನೇ ವಾರ ಕಾಫಿ ಹೌಸುಗಳು. 1652ರಲ್ಲಿ ಪಾಸ್ಕ್ವಾ ರೋಸೆ ಅನ್ನುವವ ಲಂಡನ್ನಿನ ಕಾರ್ನ್‌ಹಿಲ್ ಹತ್ರ ಒಂದು ಓಣಿಯಲ್ಲಿ ಮೊದಲ ಅಂಗಡಿ ಇಟ್ಟ, ಅವನೂ ಒಬ್ಬ ವ್ಯಾಪಾರಿಯ ಮನೆಯ ಆಳು. ಅಲ್ಲಿಂದ ಬೇಗ ಬೇಗ ಅಂಗಡಿಗಳು ಹೆಚ್ಚಿದವು, ಪೇಪರ್ ಓದ್ಲಿಕ್ಕೆ, ಸುದ್ದಿ ಕೇಳ್ಲಿಕ್ಕೆ, ಸರ್ಕಾರವನ್ನ ಬೈಯ್ಲಿಕ್ಕೆ. 1660ರಲ್ಲಿ ರಾಜನಾಗಿ ವಾಪಸ್ ಬಂದ, ಆ ತಲೆ ಹೋದ ರಾಜನ ಮಗ ಎರಡನೇ ಚಾರ್ಲ್ಸಿಗೆ ಇದು ಸರಿ ಬರ್ಲಿಲ್ಲ. 1675ರ ಡಿಸೆಂಬರ್ 29ಕ್ಕೆ ಆಜ್ಞೆ ಹೊರಡಿಸಿದ, ಜನವರಿ 10ರಿಂದ ಎಲ್ಲ ಕಾಫಿ ಹೌಸ್ ಬಂದ್, ಸುಳ್ಳು ಸುದ್ದಿ ಹಬ್ಬಿಸ್ತಾರೆ, ಸರ್ಕಾರಕ್ಕೆ ಕೆಟ್ಟ ಹೆಸರು ತರ್ತಾರೆ ಅಂತ ಕಾರಣ. ಅಂಗಡಿಯವರೆಲ್ಲ ಸೇರಿ ಅರ್ಜಿ ಕೊಟ್ರು, ತಂದಿಟ್ಟ ಮಾಲು ಎಂತ ಮಾಡೋದು, ಹೊಟ್ಟೆಪಾಡು ಎಂತ ಅಂತ, ಊರಲ್ಲಿ ಗುಲ್ಲೆದ್ದಿತು, ಜನವರಿ 10 ಬರುವ ಮೊದಲೇ ರಾಜ ಆಜ್ಞೆ ವಾಪಸ್ ತಗೊಂಡ. ನನ್ನ ಧಣಿಯ ಗೋಡೆಯ ಬೋರ್ಡನ್ನ ಒಬ್ಬ ರಾಜ ಇಡೀ ದೇಶಕ್ಕೆ ನೇತು ಹಾಕಲಿಕ್ಕೆ ಹೋಗಿ ಎರಡು ವಾರ ಸಹ ಇಡ್ಲಿಕ್ಕೆ ಆಗ್ಲಿಲ್ಲ ನೋಡಿ.

ಇದೇ ಚಾರ್ಲ್ಸಿಗೆ ಪೋರ್ಚುಗಲ್ಲಿನ ಕ್ಯಾಥರಿನ್ ಜತೆ ಮದುವೆ ಒಪ್ಪಂದದಲ್ಲಿ ಬಳುವಳಿಯಾಗಿ ಬಂದದ್ದು ನಮ್ಮ ಬೊಂಬಾಯಿ, 1661ರಲ್ಲಿ. 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟ. ಹೆಚ್ಚು ಕಡಿಮೆ ಅದೇ ಕಾಲದಲ್ಲೇ ಬಾಬಾ ಬುಡನ್ ಯೆಮೆನ್ ಕಡೆಯಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗುಡ್ಡದಲ್ಲಿ ನೆಟ್ರು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದನ್ನ ಮೇಡಂ ಜೋಡಿಸಿ ಹೇಳಿದ್ದು ಚಂದ ಇತ್ತು. ಅನುಭವ ಮಂಟಪದ ಜತೆ ಹೋಲಿಕೆ ತೆಗೆದು ಒಬ್ರು 20 ನಿಮಿಷ ಮಾತಾಡಿದ್ರು, ಆ ವಿಷಯ ದೊಡ್ಡದೇ, ಆದ್ರೆ ಅದಕ್ಕೆ ಬೇರೆ ನಾಲ್ಕು ಭಾನುವಾರ ಬೇಕು, ಇಲ್ಲಿ ನಡುವೆ ತುರುಕಿದ್ರೆ ಎರಡಕ್ಕೂ ನ್ಯಾಯ ಆಗೋದಿಲ್ಲ, ಮೇಡಂ ತಡೀಬೇಕಿತ್ತು.

ನಾಲ್ಕನೇ ವಾರ ನಂಗೆ ಸಮಾಧಾನ ಆಗ್ಲಿಲ್ಲ. ಗ್ರೀನ್ ರಿಬ್ಬನ್ ಕ್ಲಬ್, ಫ್ಲೀಟ್ ಸ್ಟ್ರೀಟ್ ಮತ್ತೆ ಚಾನ್ಸರಿ ಲೇನ್ ಮೂಲೆಯ ಕಿಂಗ್ಸ್ ಹೆಡ್ ಟ್ಯಾವರ್ನ್, 1670ರ ದಶಕ. ಶಾಫ್ಟ್ಸ್‌ಬರಿ ಅನ್ನುವ ರಾಜಕಾರಣಿಯ ಕಡೆಯವರು, ರಾಜನ ತಮ್ಮ ಜೇಮ್ಸ್ ಕ್ಯಾಥೊಲಿಕ್, ಅವ ಪಟ್ಟಕ್ಕೆ ಬರಬಾರದು ಅಂತ ಹಟ. ವಿಗ್ ಪಾರ್ಟಿ ಹುಟ್ಟಿದ್ದು ಈ ಜಗಳದಲ್ಲೇ ಅಂತ ಮೇಡಂ ಹೇಳಿದ್ರು, ಸರಿ. ಆದ್ರೆ ಈ ಕ್ಲಬ್ಬಿನವರು ನವೆಂಬರ್ 17ಕ್ಕೆ ದೊಡ್ಡ ಮೆರವಣಿಗೆ ಮಾಡಿ ಪೋಪನ ಗೊಂಬೆ ಸುಡಿಸ್ತಿದ್ರು, ಅದೇ ಹೊತ್ತಿಗೆ 1678ರಿಂದ ಟೈಟಸ್ ಓಟ್ಸ್ ಅನ್ನುವವ ಕ್ಯಾಥೊಲಿಕರು ರಾಜನನ್ನ ಕೊಲ್ಲಲಿಕ್ಕೆ ಸಂಚು ಮಾಡಿದ್ದಾರೆ ಅಂತ ಸುಳ್ಳು ಸಾಕ್ಷಿ ಹೇಳಿ ತಪ್ಪು ಮಾಡದ ಎಷ್ಟೋ ಜನರಿಗೆ ಮರಣದಂಡನೆ ಆಯ್ತು. ಚಂದಾ, ರಿಬ್ಬನ್, ಅರ್ಜಿ, ಮೆರವಣಿಗೆ ಎಲ್ಲ ಲೆವೆಲರ್ಸ್ ಕಲಿಸಿದ್ದೇ, ಆದ್ರೆ ಈಗ ಅದೇ ಸಾಮಾನು ಒಂದು ಸಣ್ಣ ಜನವರ್ಗದ ಮೇಲೆ ಊರನ್ನ ಎತ್ತಿ ಕಟ್ಟಲಿಕ್ಕೆ. ನನ್ನ ಪಕ್ಕ ಕುರ್ಲಾದ ಒಬ್ರು ಟೀಚರ್ ಕೂತಿದ್ರು, ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಅವ್ರು ನೋಟ್ಸ್ ಬರೆಯೋದು ನಿಲ್ಲಿಸಿದ್ದು ನಾನು ನೋಡಿದೆ. ಮೇಡಂ ಇದನ್ನ ಹತ್ತು ನಿಮಿಷಕ್ಕೆ ದಾಟಿಸಿದ್ರು, ರಾಜನನ್ನೂ ತಮ್ಮನನ್ನೂ ಕೊಲ್ಲಲಿಕ್ಕೆ ಹೂಡಿದ 1683ರ ರೈ ಹೌಸ್ ಸಂಚಿಗೆ ಹಾರಿದ್ರು. ಹೀಗೆ ಆಗಬಾರದು. ಮಾತಾಡುವ ಜಾಗ ಇದ್ದ ಕೂಡ್ಲೇ ಮಾತು ಒಳ್ಳೆಯದೇ ಆಗ್ತದೆ ಅಂತ ಇಲ್ಲ, ಅದನ್ನ ಮುಖಕ್ಕೆ ಮುಖ ಕೊಟ್ಟು ಹೇಳ್ಬೇಕಿತ್ತು.

ನನ್ನದೊಂದು ಸಲಹೆ, ಮೇಡಂಗೂ ಹೇಳಿದ್ದೇನೆ. ಜಾನ್ ವೈಲ್ಡ್‌ಮನ್ ಅಂತ ಒಬ್ಬ ಇದ್ದಾನೆ. 1647ರಲ್ಲಿ ಲೆವೆಲರ್ಸ್ ಜತೆ, 1659ರಲ್ಲಿ ರೋಟಾ ಮೇಜಿನಲ್ಲಿ, ಆಮೇಲೆ ಎರಡನೇ ಚಾರ್ಲ್ಸ್ ಕಾಲದ ಸಂಚುಗಳಲ್ಲೂ ಹೆಸರು, ಜೈಲು, ಕೊನೆಗೆ 1689ರಲ್ಲಿ ಹೊಸ ರಾಜ ಬಂದ ಮೇಲೆ ದೇಶದ ಪೋಸ್ಟ್‌ಮಾಸ್ಟರ್ ಜನರಲ್. ಈ ಒಬ್ಬನ ಬೆನ್ನು ಹಿಡಿದು ಹೋದ್ರೆ ನಾಲ್ಕು ವಾರವೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಆಗ್ತಿತ್ತು. ಈಗ ಅವ ಅಲ್ಲಲ್ಲಿ ಬಂದು ಹೋಗ್ತಾನೆ, ಕೂತವರಿಗೆ ಅದೇ ಮನುಷ್ಯ ಅಂತ ಗೊತ್ತೇ ಆಗೋದಿಲ್ಲ.

ಉಳಿದ ವಿಷಯ ಬೇಗ ಹೇಳ್ತೇನೆ. 22 ಪುಟದ ಕನ್ನಡ ನೋಟ್ಸ್ ಕೊಡ್ತಾರೆ, ಚೆನ್ನಾಗುಂಟು, ಲಂಡನ್ ಮ್ಯಾಪ್ ಮಾತ್ರ ಜೆರಾಕ್ಸಲ್ಲಿ ಕಪ್ಪಾಗಿ ಓದ್ಲಿಕ್ಕೆ ಆಗೋದಿಲ್ಲ. ಫ್ಯಾನಿನ ಸದ್ದಿಗೆ ಹಿಂದಿನ ಎರಡು ಸಾಲಿಗೆ ಮಾತು ಕೇಳೋದಿಲ್ಲ, ಮೈಕ್ ಇಡಿ. ಮೆಟ್ಟಿಲು ಕಡಿದು, ಮಂಡಿ ನೋವಿನವರು ಮೊದ್ಲೇ ಫೋನ್ ಮಾಡಿ ಕೇಳಿ. ತಿಂಡಿ ಗೋಳಿಬಜೆ, ಬಿಸಿ ಇತ್ತು, ಚಟ್ನಿ ಒಳ್ಳೆದಿತ್ತು. ಕಾಫಿ ಡಿಕಾಕ್ಷನ್ ಗಟ್ಟಿ, ಆದ್ರೆ ಪೇಪರ್ ಕಪ್ಪಲ್ಲಿ ಕೊಡ್ತಾರೆ! ಕೆಳಗೆ ಹೋಟೆಲಲ್ಲಿ ನೂರಾರು ಸ್ಟೀಲ್ ಲೋಟ ಇಟ್ಟುಕೊಂಡು ಕಾಫಿ ಹೌಸ್ ಕ್ಲಾಸಿಗೆ ಪೇಪರ್ ಕಪ್ ಯಾಕೆ, ತೊಳೀಲಿಕ್ಕೆ ಜನ ಸಾಲದಿದ್ರೆ ಹೇಳಿ, ನಾನೇ ಬಂದು ತೊಳೆದು ಕೊಡ್ತೇನೆ.

ಕೊನೆ ದಿನ ಐದನೇ ಭಾನುವಾರ ಒಂದು ಬೇಕಾ ಅಂತ ಮತ್ತೆ ಪೆಟ್ಟಿಗೆ ಇಟ್ರು. ಕಾಫಿ ತರುವ ಹುಡುಗ, ಒಡಿಶಾ ಕಡೆಯವ, 18-19 ವರ್ಷ ಇರಬಹುದು, ಮೂರು ವಾರದಿಂದ ಟ್ರೇ ಹಿಡಿದು ಬಾಗಿಲಲ್ಲೇ ನಿಂತು ಈ ಪೆಟ್ಟಿಗೆಯನ್ನೇ ನೋಡ್ತಿದ್ದ. ನನ್ನ ಹತ್ರ ಎರಡನೇ ವಾರದ ಒಂದು ಹುಣಸೆಬೀಜ ಜೇಬಲ್ಲಿ ಉಳಿದಿತ್ತು, ಅವನ ಕೈಗೆ ಕೊಟ್ಟು ಪ್ರಶ್ನೆ ಹಿಂದಿಯಲ್ಲಿ ಹೇಳಿದೆ. ಅವ ಟ್ರೇ ಕೆಳಗಿಟ್ಟು, ಕೈ ಒರೆಸಿಕೊಂಡು ಹೋಗಿ ಹಾಕಿ ಬಂದ. ಎಣಿಸುವಾಗ ಬೇಕು 21, ಬೇಡ 6, ಒಟ್ಟು 27 ಬಂತು. ಮೇಡಂ ಎರಡು ಸಲ ಎಣಿಸಿ, ತಲೆ ಎತ್ತಿ ನೋಡಿ, ಬೋರ್ಡಿನಲ್ಲಿ 27 ಅಂತಲೇ ಬರೆದ್ರು.

ಹಾಗಾಗಿ ಮುಂದಿನ ಬ್ಯಾಚ್ ಐದು ಭಾನುವಾರ, ಫೀಸ್ 1,900 ಆಗ್ತದೆ ಅಂತ ಹೇಳಿದ್ದಾರೆ. ಐದನೇ ವಾರ ಆ ಹೆಂಗಸರ ಅರ್ಜಿ ಮತ್ತೆ ಟೈಟಸ್ ಓಟ್ಸ್ ವಿಷಯಕ್ಕೇ ಇಡ್ತಾರಂತೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೇನೆ. ಹೆಸರು ಕೊಡುವವರು ಎರಡನೇ ವಾರ ಮಾತ್ರ ತಪ್ಪಿಸಬೇಡಿ, ಮತ್ತೆ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ.